ಸಿಮೈಲ್ ಮಾಸ್ತರು

ಅವರ ಸೀಟಿಯ ಬಾಯಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಸೀಟಿ, ಸೀಮೆಸುಣ್ಣದ ತುಂಡು ಎರಡನ್ನೂ ಅಂಗಿಯ ಒಂದೇ ಕಿಸೆಯಲ್ಲಿ ಹಾಕಿಕೊಳ್ಳುವುದು ಅವರ ರೂಢಿ. ಹೀಗಾಗಿ ಒಮ್ಮೆ ಸೀಟಿ ಊದಿದರೆಂದರೆ ಮುಂದಿನ ಒಂದು ತಾಸು ಕೆಳತುಟಿಯ ಮೇಲೆ ಬಿಳಿಯ ಗೆರೆಯೊಂದು ಉಳಿದಿರುತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಆ ಗೆರೆ ಇರುತ್ತಿತ್ತು. ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ, ಹೇಳಲಿಲ್ಲ. ಅವರ ಒಂದು ತಪ್ಪನ್ನು ಬಾಯಿಬಿಟ್ಟು ಆಡಿ ಆದ ಅನಾಹುತವೇ ನನಗೆ ಸಾಕಾಗಿತ್ತು.

ಅವರು ಹಿರೇಕೆರೂರಿನಲ್ಲಿ ನಮ್ಮ ಓಣಿಯ ಸರಕಾರಿ ಶಾಲೆಯ ಪಿ.ಟಿ. ಮಾಸ್ತರು. ಕಳೆದ ತಿಂಗಳು ನಿವೃತ್ತರಾದರು. ಅವರು ಕಟ್ಟಿದ ಕಬಡ್ಡಿ ತಂಡಗಳ ಬಗ್ಗೆ, ಸವಣೂರು ಹಾನಗಲ್ಲುಗಳಿಂದ ಗೆದ್ದು ತಂದ ಢಾಲುಗಳ ಬಗ್ಗೆ ಹೇಳುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಬೇಕಾಗಿರುವುದು ಇಂಗ್ಲಿಷಿನ ಬಗ್ಗೆ.

ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಏಳನೆಯ ತರಗತಿಯಲ್ಲಿ ಸಿಸ್ಟರ್ ನಮಗೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್‌ಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದ್ದರು. ಎರಡು ಬೇರೆ ಬೇರೆ ವಸ್ತುಗಳನ್ನು ‘ಲೈಕ್’ ಅಥವಾ ‘ಆ್ಯಸ್’ ಎಂಬ ಶಬ್ದ ಬಳಸಿ ಹೋಲಿಸಿದರೆ ಸಿಮಿಲಿ. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಈಗಲೂ ಒಂದು ಅಕ್ಷರ ತಪ್ಪದೆ ಹೇಳಬಲ್ಲೆ. ಉದಾಹರಣೆ ಕೇಳಿದರೆ ಎಲ್ಲರೂ ಸಿಂಹದ ಹಾಗೆ ಶೂರ ಎಂದೇ ಬರೆಯುತ್ತಿದ್ದೆವು. ಸಿಂಹವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಎರಡು ಅಂಕ ಮಾತ್ರ ತಪ್ಪದೆ ಬರುತ್ತಿದ್ದವು.

ಆಮೇಲೆ ಮದುವೆಯಾಗಿ ಹಿರೇಕೆರೂರಿನ ಈ ಗೋವಿನಜೋಳದ ವ್ಯಾಪಾರದ ಮನೆಗೆ ಬಂದೆ. ನನ್ನ ಮಗಳು ಅನ್ನಪೂರ್ಣಾಳನ್ನು ಅವಳ ಅಪ್ಪ ಓದಿದ ಶಾಲೆಗೇ ಹಾಕಿದರು. ಮನೆಯಿಂದ ನಾಲ್ಕು ಹೆಜ್ಜೆ. ನನಗೆ ಒಳಗೊಳಗೆ ಕಸಿವಿಸಿ ಇತ್ತು. ಆಡಿ ತೋರಿಸಲಿಲ್ಲ. ಅವಳು ಏಳನೆಯ ತರಗತಿಗೆ ಬಂದ ವರ್ಷ ಇಂಗ್ಲಿಷಿನ ಟೀಚರ್‌ಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಇದ್ದವರಲ್ಲಿ ಯಾರು ಇಂಗ್ಲಿಷ್ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಕೈ ಎತ್ತಿದವರು ಪಿ.ಟಿ. ಮಾಸ್ತರು ಒಬ್ಬರೇ.

ಅವರು ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದವರು. ಅದನ್ನು ಮುಚ್ಚಿಡುತ್ತಿರಲಿಲ್ಲ. ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯವರು. ಎರಡನೆಯ ಸಲ ಬಿದ್ದಾಗ ಅವರಪ್ಪ ಪುಸ್ತಕ ಎತ್ತಿಟ್ಟು ಕೈಗೆ ಕುಂಟೆ ಕೊಟ್ಟಿದ್ದರಂತೆ. ‘ನೀವು ಇಂಗ್ಲಿಷ್ ಕಲಸ್ತೀರೇನ್ರಿ?’ ಎಂದು ಹೆಡ್ಮಾಸ್ತರು ಕೇಳಿದಾಗ ಇವರು ಕೊಟ್ಟ ಉತ್ತರ ಊರಿಗೆಲ್ಲ ಗೊತ್ತು.

“ನಾ ಬಿದ್ದ ಜಾಗ ನನಗ ಗೊತ್ತೈತ್ರಿ. ಹುಡುಗೂರು ಬೀಳೂದೂ ಅಲ್ಲೇ. ಅಲ್ಲೇ ನಿಂತು ಹಿಡೀತೇನಿ.”

ಅವರ ತರಗತಿಯಲ್ಲಿ ಒಂದು ಕಟ್ಟಳೆ ಇತ್ತು. ಬಾಗಿಲ ಹೊಸ್ತಿಲಿಗೆ ಹೊಂದಿಕೊಂಡು ಮೈದಾನದಲ್ಲಿ ಎಳೆಯುವ ಹಾಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ತಪ್ಪು ಮಾಡಿದವರು ತಾವೇ ಕೈ ಎತ್ತಿ ‘ಔಟ್’ ಎಂದು ಹೇಳಿ ಗೆರೆಯಾಚೆ ಹೋಗಿ ನಿಲ್ಲಬೇಕು. ಅಲ್ಲಿ ನಿಂತು ಸರಿಯಾದದ್ದನ್ನು ಹೇಳಿ, ಒಂದು ಉದಾಹರಣೆ ಕೊಟ್ಟರೆ ‘ಜೀವ’ ಬಂತು. ಒಳಗೆ ಬರಬಹುದು. ಉದಾಹರಣೆ ಹೊಳೆಯದಿದ್ದರೆ ಒಳಗಿನವರು ಸಹಾಯ ಮಾಡಬಹುದು. ಕಬಡ್ಡಿಯಲ್ಲಿ ಔಟಾದವನಿಗೆ ಜೊತೆಯವರು ಜೀವ ತಂದುಕೊಡುವುದಿಲ್ಲವೇ, ಹಾಗೆ. ಯಾರಾದರೂ ತಪ್ಪು ಮಾಡಿಯೂ ಗೊತ್ತಾಗದೆ ಕೂತಿದ್ದರೆ ಉಳಿದವರು ‘ಗೆರಿ ಮುಟ್ಟಿದಿ’ ಎನ್ನುತ್ತಿದ್ದರು. ನಗುವ ಹಾಗಿಲ್ಲ. ನಕ್ಕವರು ಮೊದಲು ಔಟ್.

ಒಂದು ದಿನ ಸಂಜೆ ಅನ್ನಪೂರ್ಣಾ ಬಂದು ಅಡಿಗೆಮನೆಯ ಕಟ್ಟೆ ಹತ್ತಿ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ.

“ಅವ್ವಾ, ಇವತ್ತ ಸಿಮೈಲ್ ಕಲತ್ವಿ.”

“ಏನದು, ಸ್ಮೈಲಾ?”

“ಸಿಮೈಲ್. ‘ಗತೆ’ ಇದ್ರ ಸಿಮೈಲ್. ‘ಗತೆ’ ಕಿತ್ತು ಒಗದ್ರ ಮೆಟಫರ್. ನಿಂಗವ್ವ ಗಾಳಿ ಗತೆ ಓಡ್ತಾಳ, ಸಿಮೈಲ್. ನಿಂಗವ್ವ ಗಾಳಿ, ಮೆಟಫರ್. ಮುಗೀತು.”

ನನ್ನ ಕೈ ರೊಟ್ಟಿಯ ಮೇಲೆ ನಿಂತಿತು. ‘ಹಾಗೆ’ ಎನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ‘ಗತೆ’ ಎನ್ನುತ್ತೇವೆ. ನಾನು ದಿನಕ್ಕೆ ನೂರು ಸಲ ಅಂದಿರಬೇಕು. ಅಷ್ಟು ವರ್ಷ ಬಾಯಿಪಾಠ ಮಾಡಿದ್ದರ ಕೀಲಿ ನಮ್ಮ ಅಡಿಗೆಮನೆಯಲ್ಲೇ ಬಿದ್ದಿತ್ತು.

ಆದರೆ ಬಾಯಿಂದ ಹೊರಬಿದ್ದದ್ದು ಮೆಚ್ಚುಗೆಯಲ್ಲ, ನಗು. “ಸಿಮೈಲ್ ಅಲ್ಲ ಪುಟ್ಟೀ, ಸಿಮಿಲಿ” ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನ ಹಿಟ್ಟಿನ ಗಿರಣಿಯಲ್ಲಿ ಪಾಳಿ ಕಾಯುವಾಗ ಪಕ್ಕದಲ್ಲಿದ್ದ ಪಾರವ್ವನ ಎದುರು ಇದನ್ನೇ ಚಂದ ಮಾಡಿ ಹೇಳಿದೆ. ಪಿ.ಟಿ. ಸರ್ ಹುಡುಗರಿಗೆ ಸ್ಮೈಲ್ ಕಲಿಸುತ್ತಾರೆ ಎಂದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ಕಾನ್ವೆಂಟಿನ ಹಳೆಯ ಗರ್ವ ಒಂದು ಗಳಿಗೆ ತಲೆ ಎತ್ತಿತು ಅಂತ ಕಾಣುತ್ತದೆ. ಪಾರವ್ವನ ಗಂಡ ಶಾಲೆಯ ಸಮಿತಿಯ ಅಧ್ಯಕ್ಷ ಎನ್ನುವುದು ಜೋಳದ ಹಿಟ್ಟು ಡಬ್ಬಿಗೆ ತುಂಬುವಾಗ ನೆನಪಾಯಿತು.

ಎಂಟು ದಿನದಲ್ಲಿ ಅವರಿಗೆ ‘ಸಿಮೈಲ್ ಮಾಸ್ತರು’ ಎಂದು ಹೆಸರು ಬಿತ್ತು. ಹದಿನೈದು ದಿನದಲ್ಲಿ ಸಮಿತಿಯವರು ಅರ್ಜಿ ಕೊಟ್ಟರು: ಆಟದ ಮಾಸ್ತರರಿಂದ ಇಂಗ್ಲಿಷ್ ಬೇಡ, ತೆಗೆಯಿರಿ. ತಾಲೂಕಿನ ಶಿಕ್ಷಣ ಕಚೇರಿಯ ಸಾಹೇಬರು ಬಂದು ಏಳನೆಯ ತರಗತಿಯನ್ನು ಪರೀಕ್ಷೆ ಮಾಡುತ್ತಾರೆ, ಅವರಿಗೆ ಸಮಾಧಾನವಾಗದಿದ್ದರೆ ಮಾಸ್ತರರು ಮೈದಾನಕ್ಕೆ ವಾಪಸು ಎಂದು ಗೊತ್ತಾಯಿತು. ಇದಕ್ಕೆಲ್ಲ ಮೂಲ ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಷ್ಟರಲ್ಲಿ ಅನ್ನಪೂರ್ಣಾ ತರಗತಿಯಲ್ಲಿ ಎದ್ದು ನಿಂತು, “ಸರ್, ಗೆರಿ ಮುಟ್ಟಿದ್ರಿ. ಅದು ಸಿಮಿಲಿ ಅಂತರಿ. ನಮ್ಮವ್ವ ಹೇಳ್ಯಾಳ” ಎಂದುಬಿಟ್ಟಿದ್ದಳು. ಮಾಸ್ತರರು ಸೀಮೆಸುಣ್ಣ ಕಿಸೆಗೆ ಹಾಕಿ, ಕೈ ಎತ್ತಿ, “ಔಟ್” ಎಂದು ಗೆರೆಯಾಚೆ ಹೋಗಿ ನಿಂತರು. ಅಲ್ಲಿಂದ ‘ಸಿಮಿಲಿ’ ಎಂದು ಮೂರು ಸಲ ಹೇಳಿ, “ನಾ ಇಷ್ಟು ವರ್ಷ ಕುರುಡ ಎತ್ತಿನ ಗತೆ ಹ್ವಾದ ದಾರೀನ ಹೋಗೇನಿ” ಎಂದು ಉದಾಹರಣೆ ಕೊಟ್ಟು ಒಳಗೆ ಬಂದರು. ಇದನ್ನು ಮಗಳು ಹೇಳುವಾಗ ನಾನು ಅವಳ ಜಡೆ ಹಾಕುತ್ತಿದ್ದೆ. ಪೇಡು ತಪ್ಪಿಹೋಗಿ ಮತ್ತೆ ಬಿಚ್ಚಿ ಹಾಕಬೇಕಾಯಿತು.

ಆ ರವಿವಾರ ಅವರೇ ಮನೆಗೆ ಬಂದರು. ಪ್ರತಿ ರವಿವಾರ ಬಿಳಿ ಬಳಿದು ಒಣಗಿಸುವ ಕ್ಯಾನ್ವಾಸ್ ಬೂಟುಗಳನ್ನು ಮೆಟ್ಟಿಲ ಕೆಳಗೆ ಜೋಡಿಸಿ ಬಿಟ್ಟು, ಪಡಸಾಲೆಯ ಕಂಬದ ಹತ್ತಿರ ನಿಂತರು.

“ಕುಂಡ್ರಿ ಸರ್.”

“ಕುಂಡ್ರೂದಿಲ್ರಿ ಅಕ್ಕಾರ. ಐದು ಶಬ್ದ ಅದಾವು. ನೀವು ಕಾನ್ವೆಂಟ್‌ನ್ಯಾಗ ಕಲತವ್ರು. ತಿದ್ದಿ ಕೊಡ್ರಿ, ಹೋಗ್ತೇನಿ.”

ಸಣ್ಣ ಪುಸ್ತಕ ತೆಗೆದರು. ಕಬಡ್ಡಿಯ ಪಾಯಿಂಟುಗಳನ್ನು ಬರೆಯುವ ಪುಸ್ತಕ. ಅದರ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಶಬ್ದಗಳು. ಇದ್ದದ್ದನ್ನು ಅತಿ ಮಾಡಿ ಹೇಳುವ ಮಾತಿಗೆ ಹೈಪರ್‌ಬೋಲ್ ಎಂದಿತ್ತು. ಹೈಪರ್ಬಲಿ ಎಂದು ನಾನು ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತ, ತಮ್ಮ ತುಟಿಯನ್ನು ಹಾಗೆಯೇ ಅಲ್ಲಾಡಿಸಿ ಬರೆದುಕೊಂಡರು. ಐದನೆಯದು ಆನಮ್ಯಾಟಪೀಯ. ಸಪ್ಪಳದಂತೆಯೇ ಇರುವ ಶಬ್ದಗಳಿಗೆ ಆ ಹೆಸರು. ಅದು ಮಾತ್ರ ಅವರ ನಾಲಿಗೆಗೆ ಏನು ಮಾಡಿದರೂ ಒಗ್ಗಲಿಲ್ಲ.

ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ ಕೇಳಿದರು: “ಅದ್ಯಾವ ದೇವರ ಹೆಸರೋ ಮಾಸ್ತರ?”

“ದೇವರಲ್ಲಬೇ ಅವ್ವ. ದಬದಬ, ಪಟಪಟ, ಗುಡುಗುಡು ಅಂತೇವಲ್ಲ, ಅದಕ್ಕ ಇಂಗ್ಲಿಷ್‌ನ್ಯಾಗ ಹಿಂಗಂತಾರ.”

“ಪಟಪಟ ಅನ್ನಾಕ ಒಂದು ಚಣ. ಅದರ ಹೆಸರು ಹೇಳಾಕ ಒಂದು ತಾಸು.”

ಮಾಸ್ತರರು ನಗಲಿಲ್ಲ. ಏನೋ ಹೊಳೆದವರ ಹಾಗೆ ಪುಸ್ತಕ ಮಡಚಿ, “ಬರ್ತೇನಿ ಅಕ್ಕಾರ” ಎಂದು ಹೊರಟುಬಿಟ್ಟರು. ಮೆಟ್ಟಿಲಲ್ಲಿ ತಿರುಗಿ ನಿಂತು, “ನಿಮ್ಮ ಮಗಳು ನನ್ನ ಔಟ್ ಮಾಡಿದ್ದು ಭಾಳ ಚಲೋ ಆತ್ರಿ. ಬೈಬ್ಯಾಡ್ರಿ ಅಕಿಗೆ” ಎಂದರು. ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಗಿರಣಿಯಲ್ಲಿ ನಕ್ಕವಳು ನಾನು ಎಂದು ಅವರ ಮುಖ ನೋಡಿ ಹೇಳಬಹುದಿತ್ತು. “ಚಾ ಆದ್ರೂ ಕುಡದು ಹೋಗ್ರಿ” ಎಂದೆ.

ಅವರಿಗೆ ಹೊಳೆದದ್ದೇನು ಎನ್ನುವುದು ಮರುದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಗೊತ್ತಾಯಿತು. ಅಲ್ಲಿಂದ ಶಾಲೆಯ ಮೈದಾನ ಕಾಣುತ್ತದೆ. ನಿಂಗವ್ವ ಎಂಬ ಸಣಕಲು ಹುಡುಗಿ ಎದುರಾಳಿಗಳ ಅಂಗಳಕ್ಕೆ ನುಗ್ಗಿದ್ದಳು. ಕಬಡ್ಡಿ ಕಬಡ್ಡಿ ಎನ್ನುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಆನಮ್ಯಾಟಪೀಯ ಆನಮ್ಯಾಟಪೀಯ ಆನಮ್ಯಾಟಪೀಯ ಎನ್ನುತ್ತಿದ್ದಳು. ಶಬ್ದ ತೊದಲಿದರೆ ಉಸಿರು ಮುರಿದಂತೆ ಲೆಕ್ಕ, ಔಟ್. ಮಾಸ್ತರರೂ ಪಕ್ಕದಲ್ಲಿ ಓಡುತ್ತ ಅದನ್ನೇ ಹೇಳುತ್ತಿದ್ದರು. ಎರಡು ಸಲ ಅವರೇ ತೊದಲಿ, ಕೈ ಎತ್ತಿ ಹೊರಗೆ ಹೋಗಿ ನಿಂತರು. ಗುರುವಾರದ ಹೊತ್ತಿಗೆ ಓಣಿಯ ಮೂರು ವರ್ಷದ ಕೂಸುಗಳೂ ಅದನ್ನು ಹೇಳುತ್ತಿದ್ದವು.

ಮನೆಗೆಲಸ ಕೊಡುವುದರಲ್ಲೂ ಅವರದು ಬೇರೆ ದಾರಿ. ಪುಸ್ತಕದಿಂದ ಬರೆದು ತಂದದ್ದನ್ನು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಇಂಗ್ಲಿಷಿಗೆ ತರಬೇಕು. ಜೀವ ಇಲ್ಲದ್ದಕ್ಕೆ ಮನುಷ್ಯರ ಗುಣ ಹಚ್ಚಿದ ಮಾತು ಐದು ತನ್ನಿ ಎಂದಿದ್ದ ದಿನ ಅನ್ನಪೂರ್ಣಾ ಪೆನ್ನು ಹಿಡಿದು ಅಜ್ಜಿಯ ಬೆನ್ನು ಹತ್ತಿದಳು. ಅತ್ತೆ ಎಂದಿನಂತೆ ಮಾತಾಡುತ್ತ ಹೋದರು. ಒಲಿ ಇವತ್ತ ಮುನಿಸ್ಕೊಂಡೈತಿ. ಹಾವೇರಿ ಬಸ್ಸು ನಮ್ಮನ್ನ ನೋಡಿ ಮಾರಿ ತಿರುವಿಕೊಂಡು ಹೋತು. ಈ ಮಣಕಾಲು ನನ್ನ ಮಾತು ಕೇಳವಲ್ದು. ಅರ್ಧ ತಾಸಿನಲ್ಲಿ ಹದಿನೇಳು ಆದವು.

“ಅಜ್ಜಿ, ನಿನ್ನ ಬಾಯಾಗ ಬರೇ ಪರ್ಸಾನಿಫಿಕೇಶನ್!”

ಅತ್ತೆ ಗಾಬರಿಯಾಗಿ ಬಾಯಿಗೆ ಕೈ ಹಚ್ಚಿಕೊಂಡರು. ವಿಷಯ ತಿಳಿದ ಮೇಲೆ ಮೂರು ದಿನ ಓಣಿಯಲ್ಲಿ ಗತ್ತಿನಿಂದಲೇ ಓಡಾಡಿದರು. ನಾನು ಕಾನ್ವೆಂಟಿನಲ್ಲಿ ಒಂದನ್ನೂ ಸ್ವಂತ ಬರೆದವಳಲ್ಲ. ಅಂಥ ನೂರು ಮಾತಾಡುವವರ ಜೊತೆ ಹದಿನೈದು ವರ್ಷ ಅಡಿಗೆ ಮಾಡಿಕೊಂಡು ಬಂದಿದ್ದೆ. ಒಂದನ್ನೂ ಕೇಳಿಸಿಕೊಂಡಿರಲಿಲ್ಲ.

ಸಾಹೇಬರು ಬರುವ ದಿನ ಸಮಿತಿಯಿಂದ ನನಗೂ ಕರೆ ಬಂತು. ಉಚ್ಚಾರ ಸರಿಯೋ ತಪ್ಪೋ ಹೇಳಲು ಒಬ್ಬರು ಬೇಕಲ್ಲ, ಕಾನ್ವೆಂಟಿನವರು ಇರಲಿ ಎಂದು ಪಾರವ್ವನ ಗಂಡನೇ ಹೇಳಿ ಕಳಿಸಿದ್ದರು. ತರಗತಿಯ ಹಿಂದಿನ ಬೆಂಚಿನಲ್ಲಿ ಅವರ ಪಕ್ಕದಲ್ಲಿ ಕೂತೆ. ಮಾಸ್ತರರು ಇಸ್ತ್ರಿ ಅಂಗಿ ಹಾಕಿದ್ದರು. ಸೀಟಿ ಮಾತ್ರ ಎಂದಿನ ಹಾಗೆ ಕಿಸೆಯಲ್ಲೇ ಇತ್ತು, ದಾರ ಹೊರಗೆ ಇಳಿಬಿದ್ದಿತ್ತು. ಅವರು ಅದರ ಕೆಂಪು ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು.

ಸಾಹೇಬರು ಸೌಮ್ಯವಾಗಿಯೇ ಇದ್ದರು. ಪುಸ್ತಕ ಮಡಚಿಟ್ಟು, ಹುಡುಗರನ್ನು ನೋಡಿ ಕೇಳಿದರು: “ವಾಟ್ ಈಸ್ ಎ ಸಿಮೈಲ್?”

ಮೂವತ್ತು ಮಕ್ಕಳು ಸಾಹೇಬರನ್ನು ನೋಡಲಿಲ್ಲ, ಮಾಸ್ತರರನ್ನು ನೋಡಿದರು. ಅಧ್ಯಕ್ಷರು ನನ್ನ ಕಡೆ ಬಾಗಿ, “ನೋಡ್ರಿ, ಬಾಯಿ ಬಿಡವಲ್ಲವು” ಎಂದು ಪಿಸುಗುಟ್ಟಿದರು.

ಮೂರನೆಯ ಸಾಲಿನಲ್ಲಿ ನಿಂಗವ್ವ ಕೈ ಎತ್ತಿ ನಿಂತಳು.

“ಸರ್, ಗೆರಿ ಮುಟ್ಟಿದ್ರಿ.”

“ಏನು?”

“ನೀವು ಗೆರಿ ಮುಟ್ಟಿದ್ರಿ ಸರ್. ಔಟ್ ಆಗ್ತೀರಿ.”

ಅಧ್ಯಕ್ಷರು ಹಣೆಗೆ ಕೈ ಹಚ್ಚಿಕೊಂಡರು. ಮಾಸ್ತರರ ಬೆರಳಲ್ಲಿ ದಾರ ಬಿಗಿದು ತುದಿ ಕೆಂಪಾಗಿದ್ದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಸುಮ್ಮನೆ ಕೂಡು ಎಂದು ಅವಳನ್ನು ಗದರಿಸಿದ್ದರೆ ಮುಗಿಯುತ್ತಿತ್ತು. ಹುಡುಗಿಗೆ ತಿಳಿಯುವುದಿಲ್ಲ ಸಾಹೇಬರ, ಕ್ಷಮಿಸಿ ಎಂದರೂ ನಡೆಯುತ್ತಿತ್ತು. ಇಂಗ್ಲಿಷ್ ಅವರ ಕೈಯಲ್ಲಿ ಉಳಿಯುವುದೋ ಹೋಗುವುದೋ ಆ ಒಂದು ಗಳಿಗೆಯಲ್ಲಿ ನಿಂತಿತ್ತು. ಅವರು ಮೆತ್ತಗೆ ಒಂದು ಹೆಜ್ಜೆ ಮುಂದೆ ಬಂದರು.

“ಹುಡುಗಿ ಹೇಳೂದು ಖರೇ ಐತ್ರಿ ಸಾಹೇಬರ. ಅದು ಸಿಮಿಲಿ ಅಂತರಿ. ನಾನೂ ಮೊನ್ನಿ ಮೊನ್ನಿ ತನಕ ಸಿಮೈಲ್ ಅಂತಿದ್ದೆ. ನಮ್ಮ ಹುಡುಗೂರ ನನ್ನ ಔಟ್ ಮಾಡಿದ್ರು. ಬೇಕಾದ್ರ ಹಿಂದ ಕುಂತ ಆ ಅಕ್ಕಾರನ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. “ಹೌದು ಸರ್. ಸಿಮಿಲಿ” ಎಂದೆ.

ಸಾಹೇಬರು ನನ್ನನ್ನು ನೋಡಿದರು, ನಿಂಗವ್ವನನ್ನು ನೋಡಿದರು, ಬಾಗಿಲ ಬಳಿಯ ಸುಣ್ಣದ ಗೆರೆಯನ್ನು ನೋಡಿದರು.

“ಔಟ್ ಆದವ್ರು ಏನ್ ಮಾಡ್ಬೇಕವಾ?”

“ಹೊರಗ ಹೋಗಿ ನಿಂದ್ರಬೇಕ್ರಿ. ಸರಿ ಶಬ್ದ ಹೇಳಿ, ಉದಾಹರಣೆ ಕೊಟ್ರ ಜೀವ.”

ಸಾಹೇಬರು ಕೈ ಎತ್ತಿದರು. ನಿಜವಾಗಿಯೂ ಎತ್ತಿದರು. ಗೆರೆ ದಾಟಿ ಹೊರಗೆ ನಿಂತು, ಸ್ಪಷ್ಟವಾಗಿ “ಸಿಮಿಲಿ” ಎಂದರು. ಒಳಗೆ ಯಾರೂ ನಗಲಿಲ್ಲ. ನಕ್ಕವರು ಔಟ್ ಅಲ್ಲವೇ? ಸಾಹೇಬರು ಅಲ್ಲಿಂದಲೇ, “ನನಗ ಉದಾಹರಣೆ ಹೊಳೀವಲ್ದು. ನೀವ ಸಹಾಯ ಮಾಡ್ರಿ” ಎಂದರು.

ನಿಂಗವ್ವನಿಗೆ ಅಷ್ಟು ಸಾಕಾಗಿತ್ತು.

“ಸರ್ ಈಸ್ ಸ್ಟ್ಯಾಂಡಿಂಗ್ ಲೈಕ್ ಎ ಲೇಟ್ ಬಾಯ್.”

“ಇದು ಸಿಮಿಲಿ. ಮೆಟಫರ್ ಹೆಂಗ?” ಎಂದು ಸಾಹೇಬರು ಕೇಳಿದರು.

“ಸರ್ ಈಸ್ ಎ ಲೇಟ್ ಬಾಯ್!” ಎಂದು ಇಡೀ ಮಧ್ಯದ ಸಾಲು ಕೂಗಿತು.

ಮುಂದಿನದಕ್ಕೆ ಕೇಳುವ ಅಗತ್ಯವೇ ಬೀಳಲಿಲ್ಲ. ಸರ್ ನೂರು ವರ್ಷದಿಂದ ಅಲ್ಲಿ ನಿಂತಿದ್ದಾರೆ ಎಂದು ಒಬ್ಬ ಇಂಗ್ಲಿಷಿನಲ್ಲಿ ಹೇಳಿ, ತಾನೇ ‘ಹೈಪರ್ಬಲಿ’ ಎಂದು ಸೇರಿಸಿದ. ಬಾಗಿಲು ಸರ್ ಅವರನ್ನು ಒಳಗೆ ಕರೆಯುತ್ತಿದೆ, ಗೆರೆಗೆ ನಾಚಿಕೆಯಾಗಿದೆ ಎಂದು ನನ್ನ ಮಗಳು ಹೇಳಿದಳು. ಅದು ಅವಳ ಅಜ್ಜಿಯ ಧಾಟಿ. ಸಾಹೇಬರ ಬೂಟು ಟಕ್ ಟಕ್ ಅಂದಿತು ಎಂದು ಹಿಂದಿನ ಸಾಲಿನವನು ಹೇಳಿದ್ದೇ ತಡ, ಮೂವತ್ತು ಗಂಟಲು ಒಂದೇ ಉಸಿರಿನಲ್ಲಿ ಆನಮ್ಯಾಟಪೀಯ ಎಂದವು. ಸಾಹೇಬರು ನಗುತ್ತ ಗೆರೆ ದಾಟಿ ಒಳಗೆ ಬಂದರು. ಮಾಸ್ತರರ ಬೆನ್ನ ಮೇಲೆ ಕೈ ಇಟ್ಟರು. ಅಧ್ಯಕ್ಷರ ಕಡೆ ತಿರುಗಿ, “ಇವರಿಂದ ಇಂಗ್ಲಿಷ್ ತಗದು ಯಾರಿಗೆ ಕೊಡೂಣಂತೀರಿ?” ಎಂದು ಕೇಳಿದರು. ಅಧ್ಯಕ್ಷರು ಟೊಪ್ಪಿಗೆ ಸರಿಮಾಡಿಕೊಂಡರು. ಅವರ ಅರ್ಜಿ ಆ ದಿನವೇ ಮಡಿಕೆಯಾಗಿ ಅವರ ಕಿಸೆಗೆ ವಾಪಸು ಹೋಯಿತು.

ಮನೆಗೆ ಬರುವಾಗ ಅನ್ನಪೂರ್ಣಾ ನನ್ನ ಕೈ ಜಗ್ಗುತ್ತ ಹೇಳಿದಳು: “ಅವ್ವಾ, ಸಾಹೇಬರು ಔಟ್ ಆದ್ರು, ನಮ್ಮ ಸರ್‌ಗೆ ಜೀವ ಬಂತು. ಇದು ಏನ ಹೇಳು ನೋಡೂಣು?”

ಮೆಟಫರ್ ಎಂದೆ. ವ್ಯಾಖ್ಯೆ ನೆನಪು ಮಾಡಿಕೊಳ್ಳಬೇಕಾಗಲೇ ಇಲ್ಲ.

ಅದಾದ ಮೇಲೆ ಅವರು ನಿವೃತ್ತರಾಗುವ ತನಕ ಏಳನೆಯ ತರಗತಿಯ ಇಂಗ್ಲಿಷ್ ಅವರದೇ. ಸಿಮೈಲ್ ಮಾಸ್ತರು ಎಂಬ ಹೆಸರು ಹೋಗಲಿಲ್ಲ. ಆದರೆ ಆಡುವ ಬಾಯಿ ಬದಲಾಯಿತು. “ನಮ್ಮ ಸಣ್ಣಾಕಿ ಸಿಮೈಲ್ ಮಾಸ್ತರ ಕೈಯಾಗ ಅದಾಳ” ಎಂದು ಪಾರವ್ವನೇ ಗಿರಣಿಯಲ್ಲಿ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. “ಏನ್ ಮಾತಾಡಿದ್ರೂ ನನಗ ಹೈಪರ್ಬಲಿ ಅಂತಾಳ” ಎಂದು ದೂರನ್ನೂ ಹೇಳುತ್ತಿದ್ದಳು.

ಬೀಳ್ಕೊಡುಗೆ ಮೈದಾನದಲ್ಲೇ ಇತ್ತು. ಬೆಳಿಗ್ಗೆ ಬಂದು ಅವರೇ ಸುಣ್ಣದ ಗೆರೆ ಎಳೆದಿದ್ದರು. ಪಂದ್ಯ ಇಲ್ಲವಲ್ಲ ಸರ್ ಎಂದರೆ, “ಕೈ ಕೇಳಬೇಕಲ್ಲ” ಅಂದರಂತೆ. ಹಾವೇರಿಯಲ್ಲಿ ಕಾಲೇಜು ಓದುವ ಅನ್ನಪೂರ್ಣಾ ಬಂದಿದ್ದಳು. ಖಾಕಿ ಹಾಕಿಕೊಂಡು ಪೊಲೀಸ್ ಪೇದೆಯಾಗಿರುವ ನಿಂಗವ್ವ ಬಂದಿದ್ದಳು. ಅತ್ತೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತಿದ್ದರು. ಪಾಲಕರ ಪರವಾಗಿ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದರು.

ಎರಡು ಮಾತು ಬರೆದುಕೊಂಡು ಹೋಗಿದ್ದೆ. ಚೀಟಿ ಬಿಚ್ಚಲೇ ಇಲ್ಲ. ಆ ವರ್ಷ ಗಿರಣಿಯಲ್ಲಿ ಸರ್ ಬಗ್ಗೆ ನಕ್ಕು ಮಾತಾಡಿದವಳು ನಾನು, ಆ ಹೆಸರು ಬಿದ್ದದ್ದು, ಅರ್ಜಿ ಹೋದದ್ದು ಎಲ್ಲ ಅಲ್ಲಿಂದ, ಇಷ್ಟು ವರ್ಷ ಹೇಳಲಿಲ್ಲ ಎಂದೆ. ಆಮೇಲೆ ಕೈ ಎತ್ತಿ, “ಔಟ್” ಎಂದು ಹೇಳಿ, ಗೆರೆ ದಾಟಿ ಆಚೆ ಹೋಗಿ ನಿಂತೆ.

ಮಾಸ್ತರರು ಶಾಲು ಹಾರದ ಭಾರದಲ್ಲೇ ಎದ್ದು ನಿಂತು, ಕಿಸೆಯಿಂದ ಸೀಟಿ ತೆಗೆದು ಉದ್ದಕ್ಕೆ ಊದಿದರು. ಪಂದ್ಯ ಮುಗಿದಾಗ ಊದುವ ಸೀಟಿ.

“ಆಟ ಮುಗೀತ್ರಿ ಅಕ್ಕಾರ. ಆಟ ಮುಗದ ಮ್ಯಾಲ ಯಾರೂ ಔಟ್ ಇರಂಗಿಲ್ಲ. ಒಳಗ ಬರ್ರಿ.”

“ಉದಾಹರಣೆ ಇಲ್ದ ಜೀವ ಇಲ್ರಿ ಸರ್” ಎಂದು ಹಿಂದಿನಿಂದ ನಿಂಗವ್ವ ಕೂಗಿದಳು. ಖಾಕಿಯ ದನಿ. ಮಕ್ಕಳೆಲ್ಲ ಹೋ ಎಂದರು.

ನಾನು ಅವರನ್ನು ನೋಡಿದೆ. ಬಿಳಿ ಬೂಟು, ಕೆಂಪು ದಾರ, ಕೆಳತುಟಿಯ ಮೇಲೆ ಆಗಷ್ಟೇ ಬಿದ್ದ ಬಿಳಿಯ ಗೆರೆ. ಕಾನ್ವೆಂಟಿನ ಸಿಂಹ ಎಲ್ಲೂ ನೆನಪಾಗಲಿಲ್ಲ.

“ಸರ್ ನನಗ ಗುರುಗಳ ಗತೆ” ಎಂದೆ.

ಮುಂದಿನ ಸಾಲಿನಿಂದ ಅತ್ತೆ ಕೋಲು ನೆಲಕ್ಕೆ ಕುಟ್ಟಿದರು.

“ಗತೆ ತಗಿ, ಯವ್ವಾ.”

ತೆಗೆದೆ. ಒಳಗೆ ಬಂದೆ.